ಓರಗಿತ್ತಿಯ ಸಾಲು

ಕಮಲಮ್ಮಾಳಿಗೆ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ತಮಿಳು ಸೀಮೆಯ ತೇವಾರಂ ಊರಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಗಂಡ ಪಿಚ್ಚೈಗೆ ಅದು ಗೊತ್ತಿತ್ತು, ಮಗಳು ಸರಸುವಿಗೆ ಗೊತ್ತಿತ್ತು, ಕೊಟ್ಟಿಗೆಯ ಎಮ್ಮೆಗೂ ಗೊತ್ತಿತ್ತು. ಮಾರ್ಕಯನ್‌ಕೋಟ್ಟೈಯಿಂದ ಚೆಲ್ಲಮ್ಮಾಳ್ ಬಂದು ಹೋದ ದಿನ ಹಾಲು ಕರೆಯುವ ಕೈ ಕಲ್ಲಾಗಿರುತ್ತಿತ್ತು. ಗೊತ್ತಿಲ್ಲದವಳು ಆ ಚೆಲ್ಲಮ್ಮಾಳ್ ಒಬ್ಬಳೇ. ಇಲ್ಲವೇ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಿದ್ದಳು. ಕಮಲಮ್ಮಾಳಿಗೆ ಅದರಿಂದ ಇನ್ನೂ ಉರಿ.

ಹೊಟ್ಟೆಕಿಚ್ಚಿಗೆ ಕಾರಣ ಕೇಳಿದರೆ ಅವಳ ಹತ್ತಿರ ಮಳಿಗೆ ತುಂಬ ಇದ್ದವು. ಚೆಲ್ಲಮ್ಮಾಳ ಕಂಠ ಒಳ್ಳೆಯದು. ಚೆಲ್ಲಮ್ಮಾಳ ಮಾವಿನ ತೊಕ್ಕು ಒಳ್ಳೆಯದು. ಕಮಲಮ್ಮಾಳ ಸ್ವಂತ ಮಗ ನಂದಗೋಪಾಲು, ಇಪ್ಪತ್ತೆರಡು ವರ್ಷದ ಗಂಡಸು, ಚಿಕ್ಕಮ್ಮನನ್ನು ಕಂಡರೆ ಈಗಲೂ ಕರುವಿನ ಹಾಗೆ ಓಡುತ್ತಾನೆ. ಎಲ್ಲಕ್ಕಿಂತ ಮೇಲೆ ಅತ್ತೆ ಪಾಂಡಿಯಮ್ಮಾಳ್ ಮಾಡಿಹೋದ ಕೆಲಸ. ಅಣ್ಣ ಪಿಚ್ಚೈ, ತಮ್ಮ ವೇಲು ಬೇರೆಯಾದಾಗ ಅತ್ತೆ ಹಿರಿಮಗನ ಮನೆಯಲ್ಲೇ ಉಳಿದಳು. ಎಂಟು ವರ್ಷ ಕಮಲಮ್ಮಾಳ್ ಬಡಿಸಿದ್ದನ್ನು ಉಂಡಳು. ಆಮೇಲೆ ಒಂದು ದಿನ, ಹತ್ತು ದಿನ ಚಿಕ್ಕವನ ಮನೆಯಲ್ಲಿದ್ದು ಬರ್ತೀನಿ ಎಂದು ಬಸ್ಸು ಹತ್ತಿ ಮಾರ್ಕಯನ್‌ಕೋಟ್ಟೈಗೆ ಹೋದವಳು ಮೂರು ವರ್ಷ ಅಲ್ಲೇ ಇದ್ದು, ಚೆಲ್ಲಮ್ಮಾಳ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಎಂಟು ವರ್ಷದ ಅನ್ನಕ್ಕೆ ಸಿಕ್ಕಿದ ಬೆಲೆ ಇದು ಎಂದು ಕಮಲಮ್ಮಾಳ್ ಸಾವಿನ ಮನೆಯಲ್ಲೇ ಅಂದುಕೊಂಡಳು. ಅತ್ತಳು ಕೂಡ; ಆದರೆ ಅಳು ಯಾವುದಕ್ಕೆಂದು ನೋಡಿದವರಿಗೆ ತಿಳಿಯಲಿಲ್ಲ.

ಪಾಂಡಿಯಮ್ಮಾಳ ಮನೆತನಕ್ಕೆ ಒಂದು ಹಾಡಿತ್ತು. ಹೊಸ ಸೊಸೆ ಹೊಸ್ತಿಲು ತುಳಿಯುವಾಗ, ಆ ಮನೆಗೆ ಹಿಂದೆ ಸೊಸೆಯರಾಗಿ ಬಂದು ಸತ್ತುಹೋದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆಯುವ ಹಾಡು. ಇಂಥ ಊರಿಂದ ಬಂದವಳ ಕರೆಯಿರೇ, ಇಂಥದ್ದನ್ನು ತಂದವಳ ಕರೆಯಿರೇ ಎಂದು ಸಾಗುತ್ತದೆ. ಹಾಡು ಮುಗಿಯುವ ತನಕ ಹುಡುಗಿ ಒಳಗೆ ಕಾಲಿಡುವಂತಿಲ್ಲ. ಸುತ್ತಲೂ ತಮಿಳು, ಸಂತೆಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು, ಮಕ್ಕಳ ಬಾಯಲ್ಲೂ ಈಗ ಅದೇ ಹೆಚ್ಚು. ಆದರೆ ಹೊಸ್ತಿಲ ಈ ಹಾಡು ಮಾತ್ರ ಅಜ್ಜಿಯರ ಕನ್ನಡದಲ್ಲೇ ಇರಬೇಕು, ಇಲ್ಲದಿದ್ದರೆ ಸತ್ತವರಿಗೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು.

ಬಂದ ಸೊಸೆಗೆ ವರ್ಷ ತುಂಬಿದಾಗ ಅತ್ತೆ ಅವಳ ಮೇಲೆ ಸಾಲು ಕಟ್ಟುತ್ತಾಳೆ. ಆ ಸಾಲು ಅವಳ ಕಿವಿಗೆ ಬೀಳಬಾರದು. ಬದುಕಿದ್ದಾಗಲೇ ತನ್ನ ಸಾಲು ಕೇಳಿಸಿಕೊಂಡವಳಿಗೆ ಆಯುಸ್ಸು ಕಡಿಮೆ. ಆದ್ದರಿಂದ ಒಬ್ಬ ಸೊಸೆಯ ಸಾಲನ್ನು ಅತ್ತೆ ಇನ್ನೊಬ್ಬ ಸೊಸೆಗೆ ಕಲಿಸಿಡುತ್ತಾಳೆ. ಅವಳು ಸತ್ತ ಮೇಲೆ ಇವಳು ಅದನ್ನು ಹಾಡಿಗೆ ಸೇರಿಸುತ್ತಾಳೆ. ಹಾಗಾಗಿ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಚೆಲ್ಲಮ್ಮಾಳ ಸಾಲು ಕಮಲಮ್ಮಾಳ ಬಾಯಲ್ಲಿತ್ತು, ಕಮಲಮ್ಮಾಳ ಸಾಲು ಚೆಲ್ಲಮ್ಮಾಳ ಬಾಯಲ್ಲಿತ್ತು. ಅತ್ತೆ ಚಿಕ್ಕ ಸೊಸೆಗೆ ಕಟ್ಟಿದ್ದು ನಾಲ್ಕು ಸಾಲು. ಬಂದ ಒಂದೇ ವರ್ಷಕ್ಕೆ ನಾಲ್ಕು! ಹಾಗಾದರೆ ಹಿರಿಸೊಸೆಗೆ ಎಷ್ಟು ಕಟ್ಟಿರಬಹುದು ಎಂದು ಕಮಲಮ್ಮಾಳ್ ಲೆಕ್ಕ ಹಾಕದ ದಿನವಿಲ್ಲ. ಐದೇ? ಆರೇ? ಕೇಳುವಂತಿಲ್ಲ, ಕೇಳದೆ ನಿದ್ದೆ ಬರುವಂತಿಲ್ಲ.

ಅತ್ತೆ ಇರುವ ತನಕ ಮದುವೆಗಳಲ್ಲಿ ಅವಳೇ ಮುಂದಾಗಿ ಹಾಡುತ್ತಿದ್ದಳು, ಸೊಸೆಯರು ಹಿಂದೆ ದನಿಗೂಡಿಸುತ್ತಿದ್ದರು. ಅವಳು ಹೋದ ಮೇಲೆ ಕಂಬಂನ ದಾಯಾದಿ ಆಂಡಿಯ ಮಗನ ಮದುವೆ ಬಂತು. ಇಬ್ಬರು ಓರಗಿತ್ತಿಯರು ಹೊಸ್ತಿಲ ಎರಡು ಪಕ್ಕ ನಿಂತು ಎತ್ತಿಕೊಂಡರು. ಏಳನೆಯ ಹೆಂಗಸಿನ ತನಕ ಸರಿಯಿತ್ತು. ಅಲ್ಲಿ ಕಮಲಮ್ಮಾಳ್ "ಕರಿ ಹಸು ತಂದವಳ" ಎಂದಳು, ಚೆಲ್ಲಮ್ಮಾಳ್ "ಕೆಂಪು ಹಸು ತಂದವಳ" ಎಂದಳು. ಇಬ್ಬರೂ ನಿಲ್ಲಿಸಿದರು. ಮತ್ತೆ ಎತ್ತಿಕೊಂಡರು, ಮತ್ತೆ ಕರಿ, ಮತ್ತೆ ಕೆಂಪು. ಮದುಮಗಳು ಬಲಗಾಲು ಎತ್ತಿಕೊಂಡೇ ನಿಂತಿದ್ದಳು, ಕಾಲು ನಡುಗತೊಡಗಿತು. ಬೀಗರ ಕಡೆಯ ಒಬ್ಬ ಮುದುಕಿ, ಹಸು ಬರೋವರೆಗೂ ಹುಡುಗಿ ಇಲ್ಲೇ ನಿಲ್ಲಬೇಕೇನೋ ಎಂದಳು. ಚಪ್ಪರವೆಲ್ಲ ನಕ್ಕಿತು.

ಈಗ 1966ರ ವೈಕಾಸಿ ತಿಂಗಳಿಗೆ ನಂದಗೋಪಾಲುವಿನ ಮದುವೆ ನಿಶ್ಚಯವಾಗಿತ್ತು. ಹುಡುಗಿ ಬೋಡಿ ಎಂಬ ಊರಿನವಳು. ತನ್ನ ಹೊಸ್ತಿಲಲ್ಲಿ ಅಂಥ ನಗೆಪಾಟಲಾಗುವುದನ್ನು ಕಮಲಮ್ಮಾಳ್ ಸಹಿಸುವವಳಲ್ಲ. ಹಾಡು ಒಂದೇ ಆಗಬೇಕು. ಆ ಒಂದು ತನ್ನದೇ ಆಗಬೇಕು. ಅತ್ತೆಯ ಹಾಡು ಯಾರ ಬಾಯಲ್ಲಿ ಕೆಡದೆ ಉಳಿದಿದೆಯೋ ಅವಳೇ ಅತ್ತೆಯ ಸೊಸೆ. ಅತ್ತೆ ಯಾರ ತೊಡೆಯ ಮೇಲೆ ಸತ್ತಳು ಎನ್ನುವುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಏರ್ಪಾಡು ಮಾಡಿದವರು ರಂಗಸಾಮಿ, ಪಿಚ್ಚೈಯ ಚಿಕ್ಕಪ್ಪ, ಶಾಲೆ ಮೇಷ್ಟರಾಗಿದ್ದು ನಿವೃತ್ತರಾದವರು. ಅವರು ತೇವಾರಂನಲ್ಲಿ ಕಮಲಮ್ಮಾಳ್ ಹೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರು, ಮಾರ್ಕಯನ್‌ಕೋಟ್ಟೈಗೆ ಹೋಗಿ ಚೆಲ್ಲಮ್ಮಾಳ್ ಹೇಳಿದ್ದನ್ನು ಇನ್ನೊಂದರಲ್ಲಿ ಬರೆದುಕೊಂಡರು. ಕನ್ನಡದ ಅಕ್ಷರ ಅವರಿಗೂ ಬಾರದು, ಅವರ ಅಪ್ಪನಿಗೂ ಬರುತ್ತಿರಲಿಲ್ಲ. ಮಾತು ಕನ್ನಡ, ಬರಹ ತಮಿಳು. ಬದುಕಿರುವವರ ಸಾಲುಗಳನ್ನು ಮಾತ್ರ ಬರೆಯದೆ ಬಿಟ್ಟರು. ಅವನ್ನು ಎಲ್ಲರೂ ಕೂಡಿದಾಗ ನೋಡೋಣ ಎಂದರು. ಜೊತೆಗೆ ದಿಂಡಿಗಲ್‌ಗೆ ಕಾಗದ ಬರೆದು ಮುನಿಯಮ್ಮಾಳನ್ನು ಕರೆಸಿದರು. ಮುನಿಯಮ್ಮಾಳ್ ಎಂದರೆ ಪಾಂಡಿಯಮ್ಮಾಳ ಒಡಹುಟ್ಟಿದ ತಂಗಿ. ಅಕ್ಕತಂಗಿ ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಹಾಗಾಗಿ ಈಗಿನ ಸೊಸೆಯರಿಗೆ ಅವಳು ಸಿಕ್ಕತ್ತೆ, ಅಂದರೆ ಚಿಕ್ಕತ್ತೆ. ಗಂಡ ಹೋದ ಮೇಲೆ ಮಗಳ ಜೊತೆ ದಿಂಡಿಗಲ್ ಸೇರಿದ್ದಳು. ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ, ನಾಲಗೆಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ.

ಮದುವೆಗೆ ಎರಡು ತಿಂಗಳ ಮುಂಚೆ, ಪಂಗುನಿಯ ಒಂದು ಬೆಳಿಗ್ಗೆ ಎಲ್ಲರೂ ತೇವಾರಂ ಮನೆಯ ಜಗಲಿಯಲ್ಲಿ ಕೂತರು. ರಂಗಸಾಮಿ ಎರಡು ನೋಟುಪುಸ್ತಕಗಳನ್ನೂ ಪಕ್ಕಪಕ್ಕ ತೆರೆದಿಟ್ಟು, ಹುಣಸೆಬೀಜದ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು.

"ಇಲ್ಲೊಂದು ವರಿ ಓದ್ತೀನಿ, ಅಲ್ಲೊಂದು ವರಿ ಓದ್ತೀನಿ," ಎಂದರು. ವರಿ ಎಂದರೆ ಅವರ ಮಾತಲ್ಲಿ ಸಾಲು. "ಒಂದೇ ಆಗಿದ್ರೆ ಮುಂದೆ ಓಗೋದು. ಬೇರೆ ಆಗಿದ್ರೆ ಅಲ್ಲೊಂದು ಬೀಜ ಇಡೋದು. ಆದ್ರೆ ನೋಡ್ರಮ್ಮಾ, ಎರಡು ನೋಟು ಪಕ್ಕದಲ್ಲಿಟ್ರೆ ಬೇರೆ ಅಂತ ಮಾತ್ರ ಗೊತ್ತಾಗ್ತದೆ. ಬದಲಾಯ್ಸಿದವ್ರು ಯಾರು ಅಂತ ಗೊತ್ತಾಗಲ್ಲ. ಅದಕ್ಕೆ ಎರಡಕ್ಕೂ ಮುಂಚಿನ ಬಾಯಿ ಬೇಕು. ಅದಕ್ಕೇ ಅತ್ತಿಗೇನ ಕರೆಸಿದ್ದು."

ಮುನಿಯಮ್ಮಾಳ್ ವೀಳ್ಯದೆಲೆ ಜಗಿಯುತ್ತಾ, "ಬಸ್ಸಲ್ಲಿ ಸೊಂಟ ಮುರ್ದೋಯ್ತು, ಬೇಗ ಓದು," ಎಂದಳು.

ಕಮಲಮ್ಮಾಳ್ ಕೈ ಎತ್ತಿದಳು. ಈ ಮಾತನ್ನು ಅವಳು ಹಿಂದಿನ ದಿನವೇ ಸಿದ್ಧಮಾಡಿಟ್ಟಿದ್ದಳು. ಚೆಲ್ಲಮ್ಮಾಳ ನೋಟುಪುಸ್ತಕ ತನ್ನದಕ್ಕಿಂತ ದಪ್ಪಗಿದ್ದುದನ್ನು ಕಂಡಿದ್ದಳು. ಕಂಠ ಚೆನ್ನಾಗಿದ್ದವರು ಸುಮ್ಮನಿರುವುದಿಲ್ಲ, ಏನೇನೋ ಸೇರಿಸುತ್ತಾರೆ.

"ಸಿಕ್ಕಮಾವ, ಒಂದು ಕಟ್ಟಳೆ ಈಗ್ಲೇ ಆಗ್ಬುಡ್ಲಿ. ಸಿಕ್ಕತ್ತೆ ಬಾಯಲ್ಲಿ ಇಲ್ದೆ ಇರೋದು ಯಾರ ನೋಟಲ್ಲಿದ್ರೂ ಗೀಟು ಎಳೆದ್ಬುಡಿ. ಮೊಗ ನೋಡ್ಬೇಡಿ."

"ಅಕ್ಕಾ, ಅಂಗೆ ಒಂದೇ ಏಟ್ಗೆ ಯೋಳ್ಬೇಡ," ಎಂದಳು ಚೆಲ್ಲಮ್ಮಾಳ್ ಮೆಲ್ಲಗೆ. "ಪಾಟು ಅಂದ್ಮೇಲೆ ಬೆಳೀತದೆ." ಪಾಟು ಎಂದರೆ ಹಾಡು.

"ಬೆಳ್ಯಾಕೆ ಅದೇನು ಬಾಳೆಕಂದಾ?"

ಚೆಲ್ಲಮ್ಮಾಳ್ ಆಚೆ ತಿರುಗಿ ಸರಸುವನ್ನು ಹತ್ತಿರ ಎಳೆದುಕೊಂಡು ಅವಳ ಜಡೆ ಬಿಚ್ಚತೊಡಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಎಂದು ಕಮಲಮ್ಮಾಳ್ ಒಳಗೊಳಗೇ ನಕ್ಕಳು. ಕಟ್ಟಳೆಗೆ ರಂಗಸಾಮಿ ತಲೆಯಾಡಿಸಿದರು. ಓದು ಶುರುವಾಯಿತು.

ಮೊದಲ ಬೀಜ ಮೂರನೆಯ ಹೆಂಗಸಿಗೇ ಬಿತ್ತು. ಒಂದರಲ್ಲಿ ಹನ್ನೆರಡು ಮರಕಾಲು ಅಳತೆಯ ಬಿತ್ತನೆ ಜೋಳ ತಂದಿದ್ದಳು, ಇನ್ನೊಂದರಲ್ಲಿ ಇಪ್ಪತ್ತು. ಮುನಿಯಮ್ಮಾಳ್ ಹನ್ನೆರಡು ಎಂದಳು. ಹನ್ನೆರಡು ಕಮಲಮ್ಮಾಳದು. ಅವಳು ಆ ಬೀಜವನ್ನು ಎತ್ತಿ ತನ್ನ ಕಡೆ ಇಟ್ಟುಕೊಂಡಳು. ಹಾಗೆ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ. ಐದನೆಯವಳಲ್ಲಿ ಚೆಲ್ಲಮ್ಮಾಳದು ಸರಿ ಎಂದಾಯಿತು. ಆ ಬೀಜವನ್ನು ಯಾರೂ ಎತ್ತಿಕೊಳ್ಳಲಿಲ್ಲ, ಚೆಲ್ಲಮ್ಮಾಳ್ ಸರಸುವಿನ ಜಡೆ ಹೆಣೆಯುತ್ತಾ ಕೂತಿದ್ದಳು. ಇಷ್ಟು ದೊಡ್ಡ ವ್ಯಾಜ್ಯ ನಡೆಯುವಾಗ ಜಡೆ ಹೆಣೆಯಲು ಬರುತ್ತದಲ್ಲ ಇವಳಿಗೆ ಎಂದು ಕಮಲಮ್ಮಾಳಿಗೆ ಮೈ ಉರಿಯಿತು.

ಹಸುವಿನ ಹತ್ತಿರ ಬಂದಾಗ ಎಲ್ಲರೂ ನೆಟ್ಟಗೆ ಕೂತರು.

"ಕರಿ ಹಸು," ಎಂದು ಓದಿದರು ರಂಗಸಾಮಿ. "ಇದ್ರಲ್ಲಿ ಕೆಂಪು ಹಸು. ಯಾವ್ದು ಅತ್ತಿಗೆ?"

"ಎರಡೂ ಅಲ್ಲ," ಎಂದಳು ಮುನಿಯಮ್ಮಾಳ್. "ಅದು ಎಮ್ಮೆ. ಬೀಗರ ಮುಂದೆ ಎಮ್ಮೆ ಅಂತ ಪಾಡೋಕೆ ನಾಚ್ಕೆ ಅಂತ ನನ್ನಕ್ಕನೇ ಅದನ್ನ ಹಸು ಮಾಡಿದ್ಲು. ಬಣ್ಣ ನೀವು ಬಳ್ಕೊಂಡ್ರಿ."

ಪಿಚ್ಚೈ ಬಾಗಿಲ ಹತ್ತಿರ ನಿಂತು ಮೀಸೆಯಡಿಯಲ್ಲಿ ನಕ್ಕ. ಒಂದು ಎಮ್ಮೆಗಾಗಿ ಕಂಬಂನಲ್ಲಿ ಮಾನ ಹೋಯಿತಲ್ಲ ಎಂದು ಕಮಲಮ್ಮಾಳಿಗೆ ನಗುವೂ ಬಂತು, ಆದರೆ ಪಕ್ಕದಲ್ಲಿ ಚೆಲ್ಲಮ್ಮಾಳ್ ಮೊದಲೇ ನಕ್ಕುಬಿಟ್ಟಿದ್ದರಿಂದ ತಾನು ನಗಲಿಲ್ಲ.

ಮಧ್ಯೆ ಮುನಿಯಮ್ಮಾಳ ಸಾಲೇ ಬಂತು. ಅವಳು ಬದುಕಿರುವವಳು, ಕೇಳುವಂತಿಲ್ಲ. ಸರಸು ಅವಳನ್ನು ಕೈಹಿಡಿದು ಕೊಟ್ಟಿಗೆಗೆ ಕರೆದೊಯ್ದಳು. ಅತ್ತೆಯಿಂದ ಕಲಿತಿದ್ದನ್ನು ಓರಗಿತ್ತಿಯರು ಒಬ್ಬೊಬ್ಬರಾಗಿ ಹೇಳಿದರು. ಒಂದಕ್ಷರ ವ್ಯತ್ಯಾಸವಿರಲಿಲ್ಲ. ಮುದುಕಿ ತಿರುಗಿ ಬಂದು, ಏನೂ ಕೇಳಿಸಲಿಲ್ಲಪ್ಪಾ, ಇನ್ನೂ ಹತ್ತು ವರ್ಷ ಇರ್ತೀನಿ ಎಂದು ಕೂತಳು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಇಪ್ಪತ್ತೇಳು ಬೀಜ ಬಿದ್ದಿದ್ದವು. ಅವುಗಳಲ್ಲಿ ಹದಿನಾರು ಕಮಲಮ್ಮಾಳ ಮಡಿಲಲ್ಲಿ. ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋದರೆ ಅಲ್ಲಿ ಚೆಲ್ಲಮ್ಮಾಳ್ ತವರೂರು ಪೆರಿಯಕುಳಂನಿಂದ ತಂದಿದ್ದ ಹುಳಿ ಮಾವಿನಕಾಯಿ ತುರಿದು ತೊಕ್ಕು ಒಗ್ಗರಿಸಿ ಇಟ್ಟಾಗಿತ್ತು. ಪಿಚ್ಚೈ ಊಟಕ್ಕೆ ಕೂತವನು ಮೂರು ಸಲ ಅನ್ನ ಹಾಕಿಸಿಕೊಂಡ. ಹೆಂಡತಿಯ ಹುರುಳಿಸಾರಿನ ಬಟ್ಟಲು ಹಾಗೇ ಆರುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ತನ್ನ ಕೈಯಡುಗೆಗೆ ಈ ಮನುಷ್ಯ ಒಂದು ಸಲವಾದರೂ ಬೆರಳು ನೆಕ್ಕಿದ್ದಾನೆಯೇ ಎಂದು ಅವಳು ಯೋಚಿಸಿದಳು. ನೆನಪಾಗಲಿಲ್ಲ. ಮಡಿಲಿನ ಹದಿನಾರು ಬೀಜ ಒಮ್ಮೆಗೇ ಹಗುರವಾದವು.

ಊಟದ ಮೇಲೆ ಉಳಿದಿದ್ದು ಓರಗಿತ್ತಿಯರದೇ ಸಾಲು. "ಮೊದ್ಲು ಚೆಲ್ಲಮ್ಮಾಳು," ಎಂದರು ರಂಗಸಾಮಿ. ಚೆಲ್ಲಮ್ಮಾಳ್ ಎದ್ದು ಹಿತ್ತಿಲು ದಾಟಿ ಬಾವಿಯ ಕಡೆಗೆ ಹೋದಳು. "ಯೋಳು ಕಮಲಾ."

ಕಮಲಮ್ಮಾಳ ನಾಲಗೆಯ ತುದಿಯಲ್ಲಿ ನಾಲ್ಕೂ ಸಾಲು ಇದ್ದವು. ಒಂದು ದಿನವೂ ಮರೆತವಲ್ಲ. ತೊಕ್ಕಿನ ವಾಸನೆ ಇನ್ನೂ ಮನೆಯಲ್ಲಿ ಆಡುತ್ತಿತ್ತು. ಈ ನಾಲ್ಕು ಸಾಲು ಈಗ ತಾನು ಹೇಳಿದರೆ ಬರಹಕ್ಕೆ ಬೀಳುತ್ತವೆ, ನಾಳೆ ಬರುವ ಸೊಸೆ ಹಾಡುತ್ತಾಳೆ, ಅವಳ ಸೊಸೆಯರ ಕಾಲಕ್ಕೂ ಇರುತ್ತವೆ. ಹೇಳದಿದ್ದರೆ? ಅತ್ತೆ ಸತ್ತಿದ್ದಾಳೆ. ಚೆಲ್ಲಮ್ಮಾಳ್ ಕೇಳುವಂತಿಲ್ಲ. ಅವಳ ನೋಟಿನಲ್ಲಿ ಇರುವಂತಿಲ್ಲ. ಲೋಕದಲ್ಲಿ ಅವು ಇರುವುದು ತನ್ನ ಬಾಯೊಂದರಲ್ಲೇ.

"ಪೆರಿಯಕುಳದ ಮಾವಿನ ನೆರಳಿಂದ ಬಂದವಳ ಕರೆಯಿರೇ," ಎಂದಳು. ಬಾಯಿ ಮುಚ್ಚಿದಳು.

"ಅಷ್ಟೇನಾ?" ಎಂದಳು ಮುನಿಯಮ್ಮಾಳ್.

"ಅಷ್ಟೇ."

"ನಾಲ್ಕು ಕಟ್ಟಿದ್ಲಲ್ಲ ನನ್ನಕ್ಕ. ಪಕ್ಕದಲ್ಲೇ ಅವರೇಕಾಯಿ ಸುಲೀತಾ ಕುಂತಿದ್ದೆ ನಾನು."

"ಅಂಗಾದ್ರೆ ನೀವೇ ಯೋಳಿ ಸಿಕ್ಕತ್ತೆ."

"ಮಾತು ನೆಪ್ಪಿಲ್ಲ ಮಗಳೆ. ನಾಲ್ಕು ಅನ್ನೋದು ನೆಪ್ಪದೆ."

"ನಂಗೆ ಕಲ್ಸಿದ್ದು ಒಂದೇ."

ರಂಗಸಾಮಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಒಂದು ಸಾಲು ಬರೆದು, ಕೆಳಗೆ ಮೂರು ಸಾಲಿನಷ್ಟು ಜಾಗ ಬಿಟ್ಟರು. "ನೆಪ್ಪಾದ್ರೆ ಯೋಳು," ಎಂದರಷ್ಟೇ. ಕಮಲಮ್ಮಾಳಿಗೆ ಕಿವಿ ಬಿಸಿಯಾಯಿತು. ಆದರೂ ಹಿಂದೆಗೆಯಲಿಲ್ಲ.

ಈಗ ಅವಳ ಸರದಿ. ಚೆಲ್ಲಮ್ಮಾಳ್ ಒಳಗೆ ಬಂದಳು, ಕಮಲಮ್ಮಾಳ್ ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ನಿಂತಳು. ತಾನು ಕಳ್ಳ ಪರರ ನಂಬ ಎನ್ನುವ ಹಾಗೆ, ಅವಳಿಗೆ ಬಂದ ಮೊದಲ ಯೋಚನೆ ಚೆಲ್ಲಮ್ಮಾಳೂ ತನ್ನ ಹಾಗೆಯೇ ಕತ್ತರಿಸಿದರೆ ಎಂದು. ಆರಿದ್ದರೆ ಒಂದು ಮಾಡಿದರೆ? ಕಿವಿಗೆ ಸೆರಗು ಒತ್ತಿಕೊಂಡಳು. ಮಾತು ಕೇಳಿಸಲಿಲ್ಲ, ಆದರೆ ಚೆಲ್ಲಮ್ಮಾಳ ದನಿ ಹಾಗೆಲ್ಲ ಸೆರಗಿಗೆ ನಿಲ್ಲುವುದಲ್ಲ. ಪ್ರತಿ ಸಾಲಿನ ಕೊನೆಗೆ ಕರೆಯಿರೇ ಎಂದು ಮೇಲೇಳುವ ರಾಗ ಮಾತ್ರ ಬಂದು ಮುಟ್ಟುತ್ತಿತ್ತು. ಒಂದು. ಎರಡು. ಅವಳು ಎಮ್ಮೆಯ ಬೆನ್ನಿನ ಮೇಲೆ ಬೆರಳೂರಿ ಎಣಿಸಿದಳು. ಮೂರು. ನಾಲ್ಕು. ಐದು. ರಾಗ ನಿಲ್ಲಲಿಲ್ಲ. ಆರು, ಏಳು, ಎಂಟು.

ಎಂಟು! ಚಿಕ್ಕವಳಿಗೆ ನಾಲ್ಕು, ತನಗೆ ಎಂಟು! ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಅತ್ತೇ, ಬಾಯಲ್ಲಿ ಒಂದು ದಿನ ಒಳ್ಳೆಯ ಮಾತಾಡಲಿಲ್ಲ ನೀನು, ಮನಸ್ಸಲ್ಲಿ ಎಂಟು ಸಾಲು ಇಟ್ಟುಕೊಂಡಿದ್ದೆಯಾ! ಸಾಯಲು ಎಲ್ಲಿಗೆ ಹೋದರೇನು, ಎಂಟು ಎಂಟೇ. ಎಮ್ಮೆಯ ಕೊರಳು ತಬ್ಬಿಕೊಂಡು ನಿಂತಳು. ಎಮ್ಮೆಗೆ ಆಶ್ಚರ್ಯವಾಗಿರಬೇಕು.

ಕರೆ ಬಂದಾಗ ಸೆರಗು ಸರಿಮಾಡಿಕೊಂಡು ರಾಣಿಯ ಹಾಗೆ ಒಳಗೆ ಬಂದಳು. ಚೆಲ್ಲಮ್ಮಾಳ್ ತಲೆ ತಗ್ಗಿಸಿದ್ದಳು. ರಂಗಸಾಮಿಯ ಮುಂದೆ ತೆರೆದಿದ್ದ ಪುಟದಲ್ಲಿ ಎರಡು ಸಾಲು ಬಿಟ್ಟು ಕೆಳಗೆಲ್ಲ ಗೀಟೆಳೆದಿತ್ತು. ಅವಳು ಓದುವ ಮೊದಲೇ ಅವರು ಪುಸ್ತಕ ಮುಚ್ಚಿದರು.

"ಏನು ಗೀಟು ಅದು?"

"ನೀನೇ ಇಟ್ಟ ಕಟ್ಟಳೆ ಕಣಮ್ಮಾ," ಎಂದರು ರಂಗಸಾಮಿ. "ಅತ್ತಿಗೆ ಬಾಯಲ್ಲಿ ಇಲ್ದಿದ್ದಕ್ಕೆ ಎಳ್ದಿದ್ದು."

"ಎಂಟಿದ್ವಲ್ಲ!"

"ನನ್ನಕ್ಕ ನಿಂಗೆ ಕಟ್ಟಿದ್ದು ಎರಡೇ ವರಿ ಮಗಳೆ," ಎಂದಳು ಮುನಿಯಮ್ಮಾಳ್. ಅವಳಿಗೆ ಯಾರ ಮುಖವೂ ಕಾಣುವುದಿಲ್ಲ, ಆದ್ದರಿಂದ ಯಾವ ಮುಖಕ್ಕೂ ಹೆದರುವುದಿಲ್ಲ. "ಮಾತ್ಸಮೇತ ನೆಪ್ಪದೆ ನಂಗೆ, ಅಷ್ಟು ಚಿಕ್ಕದು. ಆ ಆರು ಎಲ್ಲಿಂದ ಬಂತೋ ನಂಗೊತ್ತಿಲ್ಲ."

ಎರಡು. ಬಂದ ವರ್ಷ ಚಿಕ್ಕವಳಿಗೆ ನಾಲ್ಕು, ಹಿರಿಯವಳಿಗೆ ಎರಡು. ಇಷ್ಟು ವರ್ಷ ಎದೆಯಲ್ಲಿ ಹೊತ್ತು ತಿರುಗಿದ ಅನುಮಾನ ಸುಳ್ಳಾಗಿರಲಿಲ್ಲ. ಅವಳು ಹೊಟ್ಟೆಕಿಚ್ಚಿನವಳು ಎಂದು ಊರೆಲ್ಲ ನಕ್ಕಿತು, ಆದರೆ ಅವಳು ಉರಿದದ್ದು ಇದ್ದ ಬೆಂಕಿಗೇ. ಅತ್ತೆಗೆ ನಿಜವಾಗಿಯೂ ಅವಳು ಬೇಕಾಗಿರಲಿಲ್ಲ.

ಚೆಲ್ಲಮ್ಮಾಳ ಕಡೆ ತಿರುಗಿದಳು. "ಆ ಆರು ನೀ ಕಟ್ಟಿದ್ಯಾ?"

"ಆಮಾ ಅಕ್ಕಾ."

"ಯಾವಾಗ?"

"ಒಂದೇ ದಿನ ಇಲ್ಲ. ವರ್ಷ ವರ್ಷ ಒಂದೊಂದು. ಅತ್ತೆ ಕೇಳಿದ್ರೆ ಬೈತಾಳೆ ಅಂತ ಯೋಳ್ಲಿಲ್ಲ."

"ಯಾಕೆ ಕಟ್ಟಿದ್ದು?"

ಚೆಲ್ಲಮ್ಮಾಳ್ ಈಗ ತಲೆಯೆತ್ತಿದಳು. ಮೊದಲ ಬಾರಿಗೆ ಅವಳ ದನಿಯಲ್ಲಿ ಸಿಟ್ಟಿತ್ತು. "ಎರಡು ವರೀಲಿ ಅಡಗೋ ಎಣ್ಣಾ ಅಕ್ಕಾ ನೀನು?"

ಇಲ್ಲಿ ಕಮಲಮ್ಮಾಳ ಕಣ್ಣು ತುಂಬಿತು, ಓರಗಿತ್ತಿಯನ್ನು ತಬ್ಬಿಕೊಂಡಳು ಎಂದು ಬರೆದರೆ ಕೇಳುವವರಿಗೆ ಹಿತವಾಗುತ್ತದೆ. ಹಾಗೇನೂ ಆಗಲಿಲ್ಲ. ಅವಳಿಗೆ ಬಂದದ್ದು ಕೋಪ, ಕಣ್ಣು ಕತ್ತಲೆಯಾಗುವಂಥ ಕೋಪ. ಕಂಠದಲ್ಲಿ ಗೆದ್ದಳು, ತೊಕ್ಕಿನಲ್ಲಿ ಗೆದ್ದಳು, ಅತ್ತೆಯನ್ನು ಗೆದ್ದಳು. ಈಗ ಇದರಲ್ಲೂ ಗೆದ್ದಳಲ್ಲ. ತಾನು ನಾಲ್ಕನ್ನು ಒಂದು ಮಾಡುವಾಗ ಇವಳು ಎರಡನ್ನು ಎಂಟು ಮಾಡಿ ಇಟ್ಟಿದ್ದಾಳೆ. ಒಳ್ಳೆಯತನದಲ್ಲೂ ಇವಳೇ ಮುಂದೆ. ಆ ಆರು ಸಾಲುಗಳಲ್ಲಿ ಏನಿತ್ತೋ, ಸಾಯುವ ತನಕ ತನಗೆ ತಿಳಿಯುವಂತಿಲ್ಲ. ಸತ್ತ ಮೇಲೆ ಹಾಡುವವರಿಗೂ ತಿಳಿಯುವಂತಿಲ್ಲ, ಗೀಟು ಬಿದ್ದಿದೆ. ಆ ಗೀಟನ್ನು ಬಾಯಿಬಿಟ್ಟು ಕೇಳಿ ಎಳೆಸಿಕೊಂಡವಳು ತಾನೇ. ಮಾಡಿದ್ದುಣ್ಣೋ ಮಹರಾಯ.

"ಚೆಲ್ಲಾ, ಆಚೆ ಓಗು," ಎಂದಳು.

"ಯಾಕಕ್ಕಾ? ನಂದು ಆಯ್ತಲ್ಲ?"

"ಓಗು ಅಂದ್ರೆ ಓಗು. ಬಾವಿ ತಾವಕ್ಕೆ. ಕಿವಿ ಮುಚ್ಕೊಂಡು ಕುಂತ್ಕೊ."

ಚೆಲ್ಲಮ್ಮಾಳ್ ಹೋದಳು. ಕಮಲಮ್ಮಾಳ್ ರಂಗಸಾಮಿಯ ಮುಂದೆ ಧಪ್ಪನೆ ಕೂತು, "ಬರೀರಿ," ಎಂದಳು. ಬಿಟ್ಟಿದ್ದ ಮೂರು ಸಾಲಿನ ಜಾಗವನ್ನು ಅವರು ಹುಡುಕಿಕೊಂಡರು.

"ತಂದದ್ದೊಂದೇ ಸೀರೆ, ತಂದ ನಗೆ ಮನೆತುಂಬ, ಅವಳ ಕರೆಯಿರೇ. ಕೇಳುವ ಮುನ್ನವೇ ನೀರಿಟ್ಟವಳ ಕರೆಯಿರೇ. ಬೈದವರ ಮೊಗಕ್ಕೂ ಬಾಗಿಲು ಹಾಕದವಳ ಕರೆಯಿರೇ."

"ಅದೇ, ಅದೇ!" ಎಂದಳು ಮುನಿಯಮ್ಮಾಳ್ ತೊಡೆ ತಟ್ಟಿ. "ನಾಲ್ಕಾಯ್ತು ನೋಡು!"

ಒಂದು ಹೇಗೆ ನಾಲ್ಕಾಯಿತೆಂದು ರಂಗಸಾಮಿ ಕೇಳಲಿಲ್ಲ. ಪೆನ್ಸಿಲ್ ಕೆಳಗಿಡಲು ಹೋದರು.

"ಇನ್ನೂ ಅದೆ, ಬರೀರಿ. ಒಂದು ಕೈ ತೊಕ್ಕಿಗೆ ಗಂಡಸರ ಮರುಳು ಮಾಡಿದವಳ ಕರೆಯಿರೇ."

ಬಾಗಿಲಲ್ಲಿ ನಿಂತಿದ್ದ ಪಿಚ್ಚೈ ಕೆಮ್ಮಿದ. ಅವಳು ತಿರುಗಿ ನೋಡಲಿಲ್ಲ. ಅವಳಿಗೆ ಯೋಚಿಸಬೇಕಾಗಿಯೇ ಇರಲಿಲ್ಲ. ಚೆಲ್ಲಮ್ಮಾಳಲ್ಲಿ ಏನೇನು ಚೆನ್ನ ಎಂದು ಈ ಲೋಕದಲ್ಲಿ ಅವಳಷ್ಟು ಬಲ್ಲವರು ಯಾರು? ವೇಲುವಿಗೂ ಅಷ್ಟು ಗೊತ್ತಿಲ್ಲ, ಚೆಲ್ಲಮ್ಮಾಳ ಹೆತ್ತ ತಾಯಿಗೂ ಗೊತ್ತಿಲ್ಲ. ಹೊಟ್ಟೆಕಿಚ್ಚಿನವರು ನೋಡುವ ಹಾಗೆ ಪ್ರೀತಿಯವರೂ ನೋಡುವುದಿಲ್ಲ. ಇಪ್ಪತ್ತು ವರ್ಷ ಒಂದೊಂದನ್ನೂ ಕಣ್ಣಿಟ್ಟು ನೋಡಿ, ಉರಿದು, ಎದೆಯಲ್ಲಿ ಜೋಡಿಸಿಟ್ಟುಕೊಂಡಿದ್ದಳು.

"ಮೂರು ವರುಷ ಅತ್ತೆಯ ಹೇಸಿಗೆ ಬಳಿದು ಮೂಗು ಮುಚ್ಚದವಳ ಕರೆಯಿರೇ," ಎಂದಳು. ಆಮೇಲೆ ನಿಲ್ಲಿಸಿದಳು. ಮುಂದಿನದನ್ನು ಅವಳು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಮಗ ಹುಟ್ಟಿದ ವಾರ ಜ್ವರ ಬಂದು ಅವಳ ಮೈಯಲ್ಲಿ ಒಂದು ಹನಿ ಹಾಲಿರಲಿಲ್ಲ. ಅದೇ ವಾರ ಚೆಲ್ಲಮ್ಮಾಳ ಚೊಚ್ಚಲ ಕೂಸು ತೀರಿಕೊಂಡಿತ್ತು. ಜ್ವರದ ಮಂಪರಿನಲ್ಲಿ ಕಣ್ಣು ಬಿಟ್ಟಾಗ ಎದುರಿನ ಗೋಡೆಗೆ ಒರಗಿ ಕೂತ ಚೆಲ್ಲಮ್ಮಾಳ ಎದೆಯಲ್ಲಿ ತನ್ನ ನಂದಗೋಪಾಲು ಮುಖ ಹುದುಗಿಸಿ ಕುಡಿಯುತ್ತಿದ್ದ. ಉಳಿದೆಲ್ಲ ಹೊಟ್ಟೆಕಿಚ್ಚು ಆ ನೋಟದಿಂದ ಹೊರಟದ್ದು.

"ತನ್ನ ಕೂಸ ಮಣ್ಣಿಗಿಟ್ಟು ಮೂರನೆಯ ದಿನ," ಎಂದಳು, ರಾಗವಿಲ್ಲದೆ, "ಓರಗಿತ್ತಿಯ ಕೂಸಿಗೆ ಹಾಲೂಡಿದವಳ ಕರೆಯಿರೇ."

ಪೆನ್ಸಿಲ್ ಓಡುತ್ತಿರಲಿಲ್ಲ.

"ಇದು ನನ್ನಕ್ಕ ಕಟ್ಟಿದ್ದಲ್ಲ," ಎಂದಳು ಮುನಿಯಮ್ಮಾಳ್ ಮೆತ್ತಗೆ.

"ಅಲ್ಲ. ನಾಲ್ಕು ಅತ್ತೇದು. ಮಿಕ್ಕದ್ದು ನಂದು."

"ಅಂಗಾದ್ರೆ ಕಟ್ಟಳೆ..." ಎಂದರು ರಂಗಸಾಮಿ.

"ಕಟ್ಟಳೆಗೆ ಬೆಂಕಿ ಬೀಳ! ಅವಳು ಕಟ್ಟಿದ್ದ ಆರೂ ವರೀನ ತಿರುಗಿ ಬರೀರಿ, ನಾ ನೋಡಲ್ಲ. ನಂಗೆ ಅವಳು ಎಂಟು ಮಾಡಿಟ್ಟವ್ಳೆ. ಅವಳಿಗೆ ನಾ ಒಂಬತ್ತು ಮಾಡ್ತೀನಿ. ಒಂದಾದ್ರೂ ಜಾಸ್ತಿ ಇರ್ಬೇಕು, ಇದ್ರಲ್ಲಾದ್ರೂ ನಾ ಅವಳ ಮುಂದೆ ಇರ್ಬೇಕು."

ಹೇಳುತ್ತಾ ಹೇಳುತ್ತಾ ಅಳು ಬಂತು. ತಡೆಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. ಮಡಿಲಿನ ಹುಣಸೆಬೀಜಗಳು ಜಗಲಿಯ ಮೇಲೆಲ್ಲ ಉರುಳಿದವು, ಸರಸು ಹೆಕ್ಕಲು ಬಾಗಿದಳು.

ಬಾವಿಯ ಕಡೆಯಿಂದ ಚೆಲ್ಲಮ್ಮಾಳ ದನಿ ಬಂತು: "ಅಕ್ಕಾ! ಆಯ್ತಾ? ಬರ್ಲಾ?"

"ಬರ್ಬೇಡ!" ಎಂದು ಕಮಲಮ್ಮಾಳ್ ಕೂಗಿದಳು. "ಕಿವಿ ಮುಚ್ಕೊಂಡು ಅಲ್ಲೇ ಕುಂತಿರು. ಇನ್ನೂ ಎರಡು ಅದೆ."